ಕೇಳಿಸಿಕೊಳ್ಳುವವರಿಗೆ

ಕರೆ ಬಂದೊಡನೆ ಮೊದಲು ಮಾತಾಡುವುದು ನನ್ನ ತಮ್ಮನಲ್ಲ,
ಒಬ್ಬಳು ಹೆಂಗಸು. ನಗುವಿಲ್ಲ, ಬೇಸರವಿಲ್ಲ, ಉಸಿರಿನ ಸದ್ದೂ ಇಲ್ಲ:
"ಇದು ಕೌಂಟಿ ಜೈಲಿನ ಕರೆ.
ಮುದ್ರಿಸಿಕೊಳ್ಳಲಾಗುತ್ತದೆ, ಆಲಿಸಲಾಗುತ್ತದೆ.
ಒಪ್ಪಿಗೆಯಿದ್ದರೆ ಒಂದನ್ನು ಒತ್ತಿ."

ಒತ್ತುವ ಮುನ್ನ ಅವ್ವ ಪ್ರತಿ ಸಲವೂ
"ಚೆನ್ನಾಗಿದ್ದೀಯೇನಮ್ಮ, ಭಾನುವಾರವೂ ಬಿಡುವಿಲ್ಲವೇ ನಿನಗೆ" ಅನ್ನುತ್ತಿದ್ದಳು.
ಅದು ಯಂತ್ರ ಅವ್ವ ಎಂದರೆ
ಯಂತ್ರಕ್ಕೂ ಯಾವಳೋ ಬಾಯಿ ಕೊಟ್ಟಿರಬೇಕಲ್ಲ
ಎಂದು ಹಟ.

ಕೆಂಟಕಿಯ ಗುಡ್ಡಗಳ ಸಂದಿಯಲ್ಲಿ, ಮುಚ್ಚಿಹೋದ ಗಣಿಯ ಕೆಳಗೆ ನಮ್ಮ ಟ್ರೇಲರ್.
ನಾನು ಮುಕ್ಕಾಲು ಗಂಟೆ ಮೋಟೆಲ್ಲಿನ ಚಾದರ ಮಡಚಿದರೆ
ಅವ್ವನಿಗೆ ಹದಿನೈದು ನಿಮಿಷ ಮಗ.

ವಕೀಲರು ಮೊದಲೇ ಹೇಳಿದ್ದರು: ಕೇಸಿನ ಬಗ್ಗೆ ತುಟಿ ಪಿಟಕ್ಕೆನ್ನಬೇಡಿ.
ಆ ರಾತ್ರಿ ಬೇಡ. ಆ ಟ್ರಕ್ಕು ಬೇಡ.
ಡೆವರ್ಡನ ಹೆಸರಂತೂ ಬೇಡವೇ ಬೇಡ.
ಇಷ್ಟೆಲ್ಲ ಬೇಡಗಳನ್ನು ಆರಿಸಿ ಎಸೆದ ಮೇಲೆ ಮೊರದಲ್ಲಿ ಉಳಿದದ್ದು
ಹುರುಳಿಕಾಯಿ, ಬಿಳಿ ನಾಯಿ, ಸೋರುವ ನಲ್ಲಿ.
ಅವ್ವ ಅಷ್ಟರಲ್ಲೇ ಸಂಸಾರ ಹೂಡಿದಳು.
"ವರ್ಲಿನ್, ಈ ಸಲ ಹದಿನಾರು ಜಾಡಿ ತುಂಬಿಸಿದೆ ಕಣೋ,
ಎರಡು ಒಡೆದವು.
ನಮ್ಮ ಬಿಳಿಯ ಹೊಳೆ ದಾಟಿ ಹೋದ."

ಗುರುವಾರ ಡಿಟೆಕ್ಟಿವ್ ಬಂದ. ಎಳೆಯ ಹುಡುಗ, ಬೂಟು ಹೊಸದು.
ಹದಿನಾರು ಜಾಡಿ ಎಂದರೆ ಏನು?
ಒಡೆದ ಎರಡು ಯಾರು?
ಹೊಳೆ ದಾಟಿದ ಬಿಳಿಯ ಈಗ ಎಲ್ಲಿದ್ದಾನೆ?
ಅವ್ವ ಮಾತಾಡಲಿಲ್ಲ. ಕಪಾಟು ತೆಗೆದು ಜಾಡಿ ಎಣಿಸಿ ತೋರಿಸಿದಳು,
ಹದಿನಾಲ್ಕು.
ಆಮೇಲೆ ಕೈಗೋಲು ಊರುತ್ತ ಹೊಳೆಯಾಚೆ ಕರೆದೊಯ್ದಳು, ಆ ಹೊಸ ಬೂಟು ನೆನೆಸಿ,
ನಾಯಿಯನ್ನು ಹೂತ ಮಣ್ಣಿನೆದುರು ನಿಲ್ಲಿಸಿದಳು.
ಅವನು ಟೋಪಿ ತೆಗೆದ, ಪಾಪ.
ಹೊರಡುವಾಗ ಒಂದು ಜಾಡಿ ಕೊಟ್ಟು ಕಳಿಸಿದಳು.

ಫೆಬ್ರವರಿಯಲ್ಲಿ ಅವ್ವ ಹೋದಳು.
ಭಾನುವಾರ ಕರೆ ಬಂತು. ಸಾವಿನ ಸುದ್ದಿಗೂ ಒಂದನ್ನು ಒತ್ತಬೇಕು.
ಆ ಹೆಂಗಸಿಗೆ ಅವತ್ತು ಯಾರೂ ಕ್ಷೇಮ ಕೇಳಲಿಲ್ಲ.
ವರ್ಲಿನ್ ಬಹಳ ಹೊತ್ತು ಸುಮ್ಮನಿದ್ದ. ಆ ಸುಮ್ಮನೆಯನ್ನೂ
ಮುದ್ರಿಸಿಕೊಂಡಿರುತ್ತೀರಿ.

ಉಪ್ಪಿನಕಾಯಿಯ ಅಳತೆ ಬರೆದಿಟ್ಟ ಅವಳ ಚೀಟಿ ಕಳಿಸಿದೆ ಅವನಿಗೆ,
ಎಣ್ಣೆಯ ಕಲೆ, ಹೆಬ್ಬೆರಳ ಗುರುತು ಸಮೇತ.
ಅದು ಬೇರೆ ಯಾವುದೋ ರಾಜ್ಯದ ಯಂತ್ರದೊಳಗೆ ಹೋಗಿ
ಚಿತ್ರವಾಗಿ ಅವನ ಪರದೆಗೆ ಬಂತಂತೆ,
ಬೂದು ಬಣ್ಣದಲ್ಲಿ. ಕೆಳಗೊಂದು ಸಾಲು: ಮೂಲಪ್ರತಿಯನ್ನು ನಾಶಪಡಿಸಲಾಗಿದೆ.
ವಾಸನೆ ನೋಡಿದೆಯಾ ಅಂತ ಕೇಳಿಬಿಟ್ಟೆ, ಬುದ್ಧಿಯಿಲ್ಲದೆ.

ಈಗ ನಾನು ಬರೆಯುತ್ತಿರುವುದು ನಿಮಗೆ.
ಹೆಸರು ತಿಳಿಯದು, ಇದ್ದೀರೋ ಇಲ್ಲವೋ ಅದೂ ತಿಳಿಯದು.
ನಮ್ಮ ಮನೆಯಲ್ಲಿ ಓರ್ಫಾ ಎಂಬ ಹೆಂಗಸಿನ ಫೋಟೋಗಳಿವೆ, ಕನ್ನಡಕವಿದೆ,
ದನಿಯಿಲ್ಲ. ಯಾರು ಅವಳ ದನಿ ಹಿಡಿದಿಟ್ಟಾರು, ಪಕ್ಕದಲ್ಲೇ ಇದ್ದಳಲ್ಲ.
ನಲವತ್ತೊಂದು ಭಾನುವಾರಗಳು ನಿಮ್ಮಲ್ಲಿವೆ.
ಕೇಳಲು ಹೋದೆ. ಗಾಜಿನಾಚೆಯವಳು ಅರ್ಜಿ ತಿರುಗಿಸಿ ತಳ್ಳಿದಳು:
"ಅದು ಕೌಂಟಿಯ ಸ್ವತ್ತು."

ಅವಳ ಕೆಮ್ಮು ದಪ್ಪಗಾದದ್ದು ನಮಗಿಂತ ಮೊದಲು
ನಿಮಗೇ ಗೊತ್ತಾಗಿರಬೇಕು. ಮಗನಿಗೆ ಕೇಳದಿರಲೆಂದು ಫೋನಿಗೆ ಅಂಗೈ ಮುಚ್ಚುತ್ತಿದ್ದಳು,
ನಾನೋ ಆ ಹೊತ್ತಿಗೆ ಚಾದರಗಳ ನಡುವೆ.
ದೂರುತ್ತಿಲ್ಲ. ಗೋಡೆಗೂ ಕಿವಿಯಿದೆ ಎಂದು ಹೆದರಿದ್ದೇ ಆಯಿತು;
ಕಿವಿಯಿದ್ದ ಮೇಲೆ, ಒಂದು ಮಾತು.

ಅಕ್ಟೋಬರ್ ಹದಿಮೂರು. ಒಂಬತ್ತನೆಯ ನಿಮಿಷ, ವರ್ಲಿನ್ ಹೇಳಿದ ಲೆಕ್ಕ.
ಫೋನನ್ನು ಮೇಜಿನ ಮೇಲಿಟ್ಟು ನಲ್ಲಿ ನಿಲ್ಲಿಸಲು ಎದ್ದಳಂತೆ.
ಅಲ್ಲಿಂದ ತನ್ನಷ್ಟಕ್ಕೆ ಏನೋ ಗೊಣಗಿದಳಂತೆ, ಅವನ ಹೆಸರು ಹಿಡಿದು.
ನೀರಿನ ಸದ್ದಿನಲ್ಲಿ ಅವನಿಗೆ ತಿಳಿಯಲಿಲ್ಲ.

ನಿಮಗೆ ಕೇಳಿಸಿತೇ?